ಹೊಂಡದ ಸುಳಿ ಎಡಕ್ಕೆ ತಿರುಗಿದರೇನು, ಬಲಕ್ಕೆ ತಿರುಗಿದರೇನು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ನಾಲ್ಕು ಎಕರೆ ಅಡಿಕೆ ತೋಟ, ಪಕ್ಕದಲ್ಲೇ ಒಂದು ಹೊಂಡ. ಹಳ್ಳದ ನೀರು ಸಣ್ಣ ಕಾಲುವೆಯಲ್ಲಿ ಬಂದು ಹೊಂಡದ ಒಂದು ಬದಿಗೆ ಬೀಳುತ್ತದೆ. 7.5 ಎಚ್‌ಪಿ ಮೋಟರು, 3 ಇಂಚಿನ ಸಕ್ಷನ್ ಪೈಪು. ಅದರ ಕೆಳತುದಿಯ ಜಾಲರಿಯುಳ್ಳ ಫುಟ್‌ವಾಲ್ವ್ ಮೂಲೆಯ ಹತ್ತಿರ ಇದೆ. 200 ಲೀಟರಿನ ಡ್ರಮ್ಮು 20 ಸೆಕೆಂಡಿಗೆ ತುಂಬುತ್ತದೆ. ಶಿವರಾತ್ರಿ ಕಳೆದು ನೀರು ಇಳಿಯುತ್ತ ಬಂದಂತೆ ಫುಟ್‌ವಾಲ್ವ್ ಮೇಲೆ ಸುಳಿ ಬೀಳುತ್ತದೆ. ಏಪ್ರಿಲ್‌ನಲ್ಲಿ ಅದರ ಮೇಲೆ ಒಂದಡಿ ನೀರಿದ್ದರೆ ಹೆಚ್ಚು. ಆಗ ಗೊರಗೊರ ಸದ್ದು ಬರುತ್ತದೆ, ಸ್ಪ್ರಿಂಕ್ಲರ್ ಜೆಟ್ಟುಗಳು ಕುಸಿಯುತ್ತವೆ, ಕೆಲವು ಸಲ ಪಂಪು ನೀರನ್ನೇ ಬಿಟ್ಟುಬಿಡುತ್ತದೆ. ಪಕ್ಕದ ತೋಟದವರು, 'ಭೂಮಿಯ ಉತ್ತರ ಭಾಗದಲ್ಲಿ ಸುಳಿ ಅಪ್ರದಕ್ಷಿಣೆಯಾಗಿಯೇ ತಿರುಗಬೇಕು, ನಿಮ್ಮದು ಪ್ರದಕ್ಷಿಣೆ ಹಾಕುತ್ತಿದೆ, ಜಾಗದಲ್ಲಿ ಏನೋ ದೋಷವಿದೆ' ಎನ್ನುತ್ತಾರೆ. ಇನ್ನೊಂದು ಚಿಂತೆಯೂ ಇದೆ. ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಹೊಂಡಕ್ಕೂ ಇಳಿಯುತ್ತಾರೆ, ಹಳ್ಳದ ಕಿಂಡಿ ಅಣೆಕಟ್ಟಿನ ಹತ್ತಿರವೂ ಆಡುತ್ತಾರೆ. ಸುಳಿ ಕಂಡರೆ ಸಾಕು, ನಮ್ಮ ಅಮ್ಮ 'ಪಾತಾಳಕ್ಕೆ ಎಳ್ಕೊಂಡು ಹೋಗ್ತದೆ' ಎಂದು ಗದರುತ್ತಾರೆ. ನಿಜಕ್ಕೂ ಎಷ್ಟು ಹೆದರಬೇಕು?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಪಂಪು ಕೆಟ್ಟರೆ ರಿಪೇರಿಯಾಗುತ್ತದೆ. ದೋಷದ ಮಾತಿಗಂತೂ ಅವಸರವೇ ಇಲ್ಲ.

ನಿಮ್ಮ ಹೊಂಡದ ಸುಳಿ ಯಾರನ್ನೂ ಪಾತಾಳಕ್ಕೆ ಎಳೆಯುವುದಿಲ್ಲ. ನಿಮ್ಮ ಡ್ರಮ್ಮಿನ ಲೆಕ್ಕದಂತೆ ಪಂಪು ಸೆಕೆಂಡಿಗೆ 10 ಲೀಟರ್ ಎತ್ತುತ್ತಿದೆ. ಅಷ್ಟು ನೀರೆತ್ತಲು ಅದು ಒಂದು ಮೀಟರ್ ಆಚೆಯ ನೀರನ್ನು ತನ್ನತ್ತ ಸೆಳೆಯುವ ವೇಗ ಹೆಚ್ಚೆಂದರೆ ಸೆಕೆಂಡಿಗೆ ಎರಡು ಸೆಂಟಿಮೀಟರ್. ಅದಕ್ಕೆ ತರಗೆಲೆ ಹೋದೀತು, ಮಗು ಹೋಗುವುದಿಲ್ಲ. ಫುಟ್‌ವಾಲ್ವ್‌ನ ಬಾಯಲ್ಲಿ ಮಾತ್ರ ಕಥೆ ಬೇರೆ. ಜಾಲರಿ ಕಳಚಿಹೋಗಿದ್ದು, 3 ಇಂಚಿನ ಬಾಯಿಗೆ ಅಂಗೈಯೋ ಹೊಟ್ಟೆಯೋ ಅಂಟಿತೆಂದರೆ ಸುಮಾರು 20 ಕೆ.ಜಿ. ಭಾರದಷ್ಟು ಬಲದಿಂದ ಹಿಡಿದುಕೊಳ್ಳುತ್ತದೆ. ಜಾಲರಿ ಇದ್ದರೂ ಉದ್ದ ಕೂದಲು ಒಳಗೆ ಸುತ್ತಿಕೊಳ್ಳಬಹುದು. ಹಾಗಾಗಿ ಮಕ್ಕಳು ನೀರಿನಲ್ಲಿದ್ದಾಗ ಮೋಟರು ಆಫ್ ಇರಬೇಕು. ಆಫ್ ಎಂದರೆ ಸ್ಟಾರ್ಟರ್ ಮಾತ್ರವಲ್ಲ, ಮೇನ್ ಸ್ವಿಚ್ಚೇ ಆಫ್. ಒದ್ದೆ ನೆಲ, ಇಲಿ ಕಡಿದ ಕೇಬಲ್ಲು, ಟೇಪು ಸುತ್ತಿದ ಜಾಯಿಂಟು ಇವೆಲ್ಲ ಸುಳಿಗಿಂತ ದೊಡ್ಡ ಅಪಾಯಗಳು. ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಇಎಲ್‌ಸಿಬಿ ಹಾಕಿಸಿಲ್ಲದಿದ್ದರೆ ಮಕ್ಕಳು ಬರುವ ಮೊದಲೇ ಹಾಕಿಸಿ.

ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹೊದಿಸಿದ್ದರೆ ಅದರ ಮೇಲೆ ಪಾಚಿ ಕಟ್ಟುತ್ತದೆ, ಈಜು ಬಲ್ಲ ದೊಡ್ಡವರೂ ಇಳಿಜಾರು ಹತ್ತಲಾಗದೆ ಜಾರಿ ಜಾರಿ ಸುಸ್ತಾಗಿ ಮುಳುಗುತ್ತಾರೆ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಇದಕ್ಕೂ ಸುಳಿಗೂ ಸಂಬಂಧವಿಲ್ಲ. ಆದರೂ ಇಂಥ ಹೊಂಡದಲ್ಲಿ ಯಾರಾದರೂ ಮುಳುಗಿದಾಗ 'ಸುಳಿಗೆ ಸಿಕ್ಕರು' ಎಂದು ಊರಿನಲ್ಲಿ ಮಾತಾಗುವುದನ್ನು ಕೇಳಿದ್ದೇನೆ.

ಕಿಂಡಿ ಅಣೆಕಟ್ಟಿನ ವಿಷಯದಲ್ಲಿ ಮಾತ್ರ ನಿಮ್ಮ ಅಮ್ಮನಿಗಿಂತಲೂ ನಾನು ಹೆಚ್ಚು ಹೆದರುತ್ತೇನೆ.

ಅಲ್ಲಿ ಎರಡು ಅಪಾಯ. ಮೊದಲನೆಯದು ಕಿಂಡಿ ಮುಚ್ಚುವ ಹಲಗೆಗಳ ಮೇಲ್ಬದಿಯಲ್ಲಿ, ಅಂದರೆ ನೀರು ನಿಂತ ಕಡೆ. ನೀರೊಳಗೆ ಒಂದು ಹಲಗೆ ಕಿತ್ತುಹೋಗಿ ಒಂದಡಿ ಅಗಲ, ಒಂದಡಿ ಎತ್ತರದ ಕಿಂಡಿ ಬಿಟ್ಟುಕೊಂಡಿದೆ, ಅದರ ಮೇಲೆ ಒಂದೂವರೆ ಮೀಟರ್ ನೀರಿದೆ ಎಂದಿಟ್ಟುಕೊಳ್ಳಿ. ಕೆಳಬದಿ ಖಾಲಿ. ಆ ಕಿಂಡಿಗೆ ಯಾರಾದರೂ ಅಡ್ಡ ಬಿದ್ದರೆ ಬೆನ್ನಿನ ಮೇಲೆ ಬೀಳುವ ಭಾರ 135 ಕೆ.ಜಿ.ಯಷ್ಟು. ಅಷ್ಟಾದರೂ ಮೇಲಿನಿಂದ ಕಾಣುವುದೇನು? ನೀರಿನ ಮೇಲೆ ಒಂದು ಸಣ್ಣ ಗುಳಿ, ಅದರ ಸುತ್ತ ಮೆಲ್ಲಗೆ ಸುತ್ತುವ ಎರಡು ಎಲೆ, ಅಷ್ಟೆ. ಆ ಗುಳಿ ಯಾರನ್ನೂ ಎಳೆಯುವುದಿಲ್ಲ. ಕೆಳಗೆ ಎಳೆಯುವಂಥದ್ದು ಇದೆ ಎಂದು ತೋರಿಸುತ್ತದೆ.

ಎರಡನೆಯದು ಕೆಳಬದಿಯಲ್ಲಿ. ಕಟ್ಟಿನ ಮೇಲಿಂದ ಉಕ್ಕಿ ಬೀಳುವ ನೀರು ತಳಕ್ಕೆ ಧುಮುಕಿ, ತಳದಲ್ಲೇ ಮುಂದೆ ಓಡಿ, ಸ್ವಲ್ಪ ದೂರದಲ್ಲಿ ಮೇಲೇಳುತ್ತದೆ. ಮೇಲೆದ್ದ ನೀರಿನಲ್ಲಿ ಒಂದು ಪಾಲು ಮತ್ತೆ ಕಟ್ಟಿನ ಕಡೆಗೇ ವಾಪಸ್ ಬರುತ್ತದೆ. ಇದೂ ಸುಳಿಯೇ. ಆದರೆ ಅದರ ಅಕ್ಷ ಹೊಂಡದ ಸುಳಿಯ ಹಾಗೆ ನೆಟ್ಟಗೆ ನಿಂತಿಲ್ಲ, ಕಟ್ಟಿನ ಉದ್ದಕ್ಕೂ ಅಡ್ಡ ಮಲಗಿದೆ. ಹಾಗಾಗಿ ದುಂಡನೆಯ ಗುಳಿ ಕಾಣುವುದಿಲ್ಲ, ನೊರೆ ಮಾತ್ರ ಕಾಣುತ್ತದೆ. ಗುರುತು ಬೇಕೆಂದರೆ ಬಿದ್ದ ತೆಂಗಿನಕಾಯಿ, ಖಾಲಿ ಬಾಟಲಿಗಳನ್ನು ನೋಡಿ. ಅವು ಹೊಳೆಯ ಜೊತೆ ಹೋಗದೆ ಕಟ್ಟಿನ ಬುಡದಲ್ಲೇ ಮುಳುಗುತ್ತ ಏಳುತ್ತ ಗಂಟೆಗಟ್ಟಲೆ ಕುಣಿಯುತ್ತಿದ್ದರೆ ಅಲ್ಲಿ ಮನುಷ್ಯ ಬಿದ್ದರೂ ಅದೇ ಗತಿ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅದು ಮೈಯನ್ನು ಮಾಮೂಲಿ ನೀರಿನಷ್ಟು ತೇಲಿಸುವುದೂ ಇಲ್ಲ. ಒಳ್ಳೆ ಈಜುಗಾರರು ಸೋಲುವುದು ಇಲ್ಲಿ. ಯಾರಾದರೂ ಬಿದ್ದರೆ ಹಿಂದೆ ಧುಮುಕಬೇಡಿ, ದಡದಿಂದ ಹಗ್ಗವನ್ನೋ ಟ್ಯೂಬನ್ನೋ ಎಸೆಯಿರಿ. ಹಲಗೆ ತೆಗೆಯುವುದು ತಡವಾಗಿ, ಮೊದಲ ಮಳೆಗೆ ಕಟ್ಟು ಉಕ್ಕುವ ದಿನಗಳಲ್ಲಿ ಮಕ್ಕಳನ್ನು ಆ ಕಡೆ ಬಿಡಲೇಬೇಡಿ.

ಅಮ್ಮ ಹೇಳುವ ಕಾರಣ ತಪ್ಪು, ಹೇಳುವ ಬುದ್ಧಿ ಸರಿ. ಮಕ್ಕಳ ಮುಂದೆ ಅವರ ಮಾತು ತೆಗೆದುಹಾಕಬೇಡಿ.

ಇನ್ನು ಸುಳಿ ಯಾಕೆ ಹುಟ್ಟುತ್ತದೆ ಎಂಬುದು. ಫುಟ್‌ವಾಲ್ವ್ ಎಳೆಯುವುದರಿಂದ ನೀರು ತಿರುಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಎಳೆತ ನೀರನ್ನು ನಡುವಿಗೆ ತರುತ್ತದೆಯೇ ಹೊರತು ತಿರುಗಿಸುವುದಿಲ್ಲ. ತಿರುಗು ಮೊದಲೇ ಹೊಂಡದಲ್ಲಿತ್ತು. ನಿಮ್ಮ ಕಾಲುವೆ ನೀರನ್ನು ಹೊಂಡದ ನಡುವಿಗೆ ಬಿಡದೆ ಒಂದು ಬದಿಗೆ ಬಿಡುತ್ತಿದೆ, ಅದರಿಂದ ಇಡೀ ಹೊಂಡದ ನೀರು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಸುತ್ತುತ್ತಿದೆ. ಜೊತೆಗೆ ಫುಟ್‌ವಾಲ್ವ್ ಮೂಲೆಯಲ್ಲಿರುವುದರಿಂದ ಒಂದು ಕಡೆಯಿಂದ ಹೆಚ್ಚು, ಇನ್ನೊಂದು ಕಡೆಯಿಂದ ಕಡಿಮೆ ನೀರು ಬರುತ್ತದೆ. ಈ ಸುತ್ತುವ ನೀರು ಫುಟ್‌ವಾಲ್ವ್ ಕಡೆ ಬರುತ್ತ ಬರುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ, ಲೆಕ್ಕ ಬಹಳ ಸರಳ: ದೂರ ಅರ್ಧವಾದರೆ ಸುತ್ತುವ ವೇಗ ಎರಡರಷ್ಟು. ಒಂದು ಮೀಟರ್ ದೂರದಲ್ಲಿ ಸೆಕೆಂಡಿಗೆ 5 ಸೆಂಟಿಮೀಟರ್ ಸುತ್ತುತ್ತಿದ್ದರೆ ಅರ್ಧ ಮೀಟರಿನಲ್ಲಿ 10 ಸೆಂಟಿಮೀಟರ್, 5 ಸೆಂಟಿಮೀಟರ್ ದೂರದಲ್ಲಿ ಒಂದು ಮೀಟರ್, ಎರಡೂವರೆ ಸೆಂಟಿಮೀಟರಿನಲ್ಲಿ ಎರಡು ಮೀಟರ್.

ಯಾವ ಸುತ್ತನ್ನು ಬೇಕಾದರೂ ತೆಗೆದುಕೊಂಡು ಅಲ್ಲಿನ ವೇಗವನ್ನು ಸುತ್ತಳತೆಯಿಂದ ಗುಣಿಸಿ ನೋಡಿ, ಒಂದೇ ಸಂಖ್ಯೆ ಬರುತ್ತದೆ. ಇದಕ್ಕೆ ನಾವು ಪರಿಚಲನೆ ಎನ್ನುತ್ತೇವೆ. ಇದು ತಾನಾಗಿ ಹುಟ್ಟುವುದಿಲ್ಲ. ಜಿಗುಟಿಲ್ಲದ ದ್ರವದಲ್ಲಿ ಒಂದು ಸುತ್ತಿನ ನೀರಿನ ಪರಿಚಲನೆ ಅದು ಹೋದಲ್ಲೆಲ್ಲ ಹಾಗೇ ಉಳಿಯುತ್ತದೆಂದು ಲಾರ್ಡ್ ಕೆಲ್ವಿನ್ 1869ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 1858ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹೇಳಿದ ಇನ್ನೊಂದು ಮಾತು ನಿಮ್ಮ ಹೊಂಡಕ್ಕೆ ನೇರ ಅನ್ವಯಿಸುತ್ತದೆ: ಸುಳಿಯ ಎಳೆ ನೀರಿನ ನಡುವೆ ಎಲ್ಲೋ ಕೊನೆಯಾಗುವಂತಿಲ್ಲ. ಒಂದೋ ಮೇಲ್ಮೈಗೆ ತಾಗಬೇಕು, ಇಲ್ಲವೇ ಗೋಡೆಗೋ ತಳಕ್ಕೋ ತಾಗಬೇಕು, ಅದೂ ಅಲ್ಲದಿದ್ದರೆ ತನ್ನ ತುದಿಗೆ ತಾನೇ ಸೇರಿ ಬಳೆಯಾಗಬೇಕು. ನೀವು ಕಾಣುವ ಸುಳಿಯ ಒಂದು ತುದಿ ಮೇಲ್ಮೈಯಲ್ಲಿದೆ. ಕೆಲವು ಸಲ ತಳದಿಂದಲೂ ಇನ್ನೊಂದು ಸುಳಿ ಎದ್ದು ಫುಟ್‌ವಾಲ್ವ್‌ಗೆ ಸೇರುತ್ತದೆ. ಅದು ಕಾಣುವುದಿಲ್ಲ. ನೀರು ಕಲಕಿದ ಹಾಗೆ ಕೆಂಪಗೆ ಬಂದರೆ ಅದರ ಮೇಲೆ ಗುಮಾನಿ ಪಡಬಹುದು. ಹೂಳು ಎಳೆದು ಪಂಪಿನೊಳಗೆ ತಿರುಗುವ ಚಕ್ರವನ್ನು, ಅಂದರೆ ಇಂಪೆಲ್ಲರನ್ನು, ಸವೆಸುವುದು ಅದೇ.

ಒಂದು ಸಣ್ಣ ಪ್ರಯೋಗ ಮಾಡಿ, ಮೊಮ್ಮಕ್ಕಳಿಗೂ ಖುಷಿಯಾಗುತ್ತದೆ. ನಾಣ್ಯದಷ್ಟು ಥರ್ಮೊಕೋಲ್ ತುಂಡಿಗೆ ಎರಡು ಹಿಡಿಕಡ್ಡಿ ಕೂಡಿಸುವ ಚಿಹ್ನೆಯ ಹಾಗೆ ಅಡ್ಡಡ್ಡ ಚುಚ್ಚಿ, ಒಂದು ತುದಿಗೆ ಸುಣ್ಣ ಹಚ್ಚಿ, ದಡದಲ್ಲೇ ನಿಂತು ಸುಳಿಯ ಹೊರಸುತ್ತಿಗೆ ತೇಲಿಬಿಡಿ. ತೆಪ್ಪ ಸುಳಿಗೆ ಸುತ್ತು ಬರುತ್ತದೆ, ಆದರೆ ಸುಣ್ಣದ ತುದಿ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡಿರುತ್ತದೆ. ತನ್ನ ಸುತ್ತ ತಾನು ತಿರುಗುವುದಿಲ್ಲ. ನಡುವಿನ ಗುಳಿಗೆ ಬಿದ್ದ ಕ್ಷಣ ಗಿರ್ರನೆ ತನ್ನ ಸುತ್ತಲೇ ತಿರುಗಲು ಶುರುಮಾಡುತ್ತದೆ. ಹೊರಗಿನ ನೀರು ಸುತ್ತುತ್ತದೆ, ತಾನು ತಿರುಗುವುದಿಲ್ಲ. ತಿರುಗೆಲ್ಲ ನಡುವಿನ ಆ ಸಣ್ಣ ತಿರುಳಿನಲ್ಲಿ. ಪಾಠ ಮಾಡುವಾಗ ಬೋರ್ಡಿನ ಮೇಲೆ ಎಷ್ಟು ಬರೆದರೂ ತಲೆಗೆ ಹೋಗದ್ದು ಇದನ್ನು ನೋಡಿದರೆ ಒಂದು ನಿಮಿಷದಲ್ಲಿ ಹೋಗುತ್ತದೆ.

ಗುಳಿ ಎಷ್ಟು ಆಳ ಬೀಳುತ್ತದೆ ಎಂಬುದೂ ಈ ವೇಗದ ಮೇಲೇ ನಿಂತಿದೆ. ವೇಗ ಹೆಚ್ಚಾದಲ್ಲಿ ಒತ್ತಡ ಇಳಿದು ನೀರಿನ ಮಟ್ಟ ತಗ್ಗುತ್ತದೆ. ತಿರುಳಿನ ಅಂಚಿನಲ್ಲಿ ಸೆಕೆಂಡಿಗೆ ಎರಡು ಮೀಟರ್ ವೇಗವಿದ್ದರೆ ಅಂಚಿನವರೆಗೆ ಸುಮಾರು 20 ಸೆಂಟಿಮೀಟರ್, ತಿರುಳಿನೊಳಗೆ ಇನ್ನೂ 20, ಒಟ್ಟು 40 ಸೆಂಟಿಮೀಟರ್ ಗುಳಿ. ಫುಟ್‌ವಾಲ್ವ್ ಮೇಲೆ ನಿಮಗಿರುವುದು ಒಂದಡಿ, ಅಂದರೆ 30 ಸೆಂಟಿಮೀಟರ್. ಅಂಥ ಸುಳಿ ಬಿದ್ದರೆ ಗಾಳಿ ನೇರ ಪೈಪಿಗೇ ಹೋಗುತ್ತದೆ.

ಹೊಳೆಯ ಸುಳಿಗಳೂ ಇದೇ ಜಾತಿಯವು, ಅವುಗಳ ಪರಿಚಲನೆ ಬರುವ ಮೂಲ ಮಾತ್ರ ಬೇರೆ. ತೀರ್ಥಹಳ್ಳಿಯಲ್ಲಿ ತುಂಗೆ ಬಂಡೆಗಳ ನಡುವೆ ಹರಿಯುವಾಗ ಕಲ್ಲಿನ ಎರಡೂ ಬದಿಯಿಂದ ಸರದಿಯಂತೆ ಸುಳಿ ಕಳಚಿಕೊಳ್ಳುತ್ತದೆ. ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಬೇರೆ ಬೇರೆ ವೇಗದಲ್ಲಿ ಬಂದು ಸೇರಿದ ದಿನ ಅವುಗಳ ನಡುವಿನ ಗೆರೆಯುದ್ದಕ್ಕೂ ಸುಳಿಗಳ ಸಾಲು ಎದ್ದೀತು. ಸೋಗಾನೆಯಿಂದ ಏರುವ ವಿಮಾನದ ರೆಕ್ಕೆಯನ್ನು ಎತ್ತಿಹಿಡಿಯುವುದೂ ಅದರ ಸುತ್ತಲ ಗಾಳಿಯ ಪರಿಚಲನೆಯೇ. ಆ ಕಥೆಗೆ ಇಳಿದರೆ ನಿಮ್ಮ ತೋಟ ಒಣಗುತ್ತದೆ.

ಈಗ ಪಕ್ಕದ ತೋಟದವರ ಮಾತು. ಅವರು ಹೇಳಿದ್ದು ಪೂರ್ತಿ ಕಟ್ಟುಕಥೆಯಲ್ಲ. ಅರಬ್ಬಿ ಸಮುದ್ರದಲ್ಲಿ ಏಳುವ ಚಂಡಮಾರುತ ಅಪ್ರದಕ್ಷಿಣೆಯಾಗಿಯೇ ತಿರುಗುತ್ತದೆ, ಕಾರಣ ಭೂಮಿಯ ತಿರುಗಾಟ. ಅದು ನೂರಾರು ಕಿಲೋಮೀಟರ್ ಅಗಲ, ಬಾಳುವುದು ದಿನಗಟ್ಟಲೆ. ನಿಮ್ಮ ಹೊಂಡಕ್ಕೆ ಈ ಪರಿಣಾಮ ಎಷ್ಟು? ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ನಿಂತ ನೆಲ ಲಂಬ ಅಕ್ಷದ ಸುತ್ತ ಒಂದು ಪೂರ್ತಿ ಸುತ್ತು ಬರಲು ಸುಮಾರು 100 ಗಂಟೆ ಬೇಕು. ಒಂದು ಮೀಟರ್ ದೂರದ ನೀರಿಗೆ ಇದರಿಂದ ಸಿಗುವ ವೇಗ ನಿಮಿಷಕ್ಕೆ ಒಂದು ಮಿಲಿಮೀಟರ್. ನಿಮ್ಮ ಕಾಲುವೆ ಕೊಡುವ ವೇಗವನ್ನು ನಾನು ಮೇಲೆ ಊಹಿಸಿದ್ದು ಸೆಕೆಂಡಿಗೆ 5 ಸೆಂಟಿಮೀಟರ್, ಅಂದರೆ ಸುಮಾರು ಮೂರು ಸಾವಿರ ಪಟ್ಟು ಹೆಚ್ಚು. ಇಲ್ಲಿ ಭೂಮಿಯ ಮಾತು ಯಾರು ಕೇಳುತ್ತಾರೆ?

ಭೂಮಿಯ ಮಾತು ಕೇಳಿಸಬೇಕಾದರೆ ಎಷ್ಟು ಜೋಪಾನ ಬೇಕೆಂದು ಅಮೆರಿಕದ ಎಂಐಟಿಯ ಆಶರ್ ಶಪೀರೊ 1962ರಲ್ಲಿ ತೋರಿಸಿದರು. ಆರಡಿ ಅಗಲದ ತೊಟ್ಟಿಗೆ ಆರು ಇಂಚು ನೀರು ತುಂಬಿ, ಮುಚ್ಚಿ, 24 ಗಂಟೆ ಅಲುಗಾಡದೆ ಬಿಟ್ಟು, ನಡುವಿನ ಸಣ್ಣ ತೂತಿನಿಂದ ಹೊರಬಿಟ್ಟರು. ಮೊದಲ ಹನ್ನೆರಡು-ಹದಿನೈದು ನಿಮಿಷ ಏನೂ ಕಾಣಲಿಲ್ಲ, ಆಮೇಲೆ ಅಪ್ರದಕ್ಷಿಣೆಯಾಗಿ ತಿರುಗಿತು. 1965ರಲ್ಲಿ ಸಿಡ್ನಿಯಲ್ಲಿ ಬೇರೆಯವರು ಇಂಥದ್ದೇ ಪ್ರಯೋಗ ಮಾಡಿದಾಗ ಪ್ರದಕ್ಷಿಣೆಯಾಗಿ ತಿರುಗಿತು. ಹಳ್ಳದ ನೀರು ಬೀಳುತ್ತಿರುವ, ಗಾಳಿ ಬೀಸುತ್ತಿರುವ, ಎಮ್ಮೆ ಇಳಿದು ಎದ್ದ ಹೊಂಡಕ್ಕೆ ಇದು ಅನ್ವಯಿಸುವುದಿಲ್ಲ. ಪರೀಕ್ಷೆ ಬೇಕೆಂದರೆ ಕಾಲುವೆಯ ಬಾಯನ್ನು ಎದುರು ಬದಿಗೆ ತಿರುಗಿಸಿ ಒಂದು ದಿನ ಬಿಟ್ಟು ನೋಡಿ, ಸುಳಿಯ ದಿಕ್ಕೂ ಬದಲಾಗುವ ಸಾಧ್ಯತೆ ಹೆಚ್ಚು. ಅಲ್ಲದೆ ಪ್ರದಕ್ಷಿಣೆ ಹಾಕುವುದು ಯಾವಾಗಿನಿಂದ ದೋಷವಾಯಿತು ಎಂದು ಅವರನ್ನೇ ಕೇಳಿ.

ಪಂಪಿನ ವಿಷಯಕ್ಕೆ ಬರೋಣ. ಮೊದಲು ಸುಳಿಯೇ ಕಾರಣವೆಂದು ಖಾತ್ರಿ ಮಾಡಿಕೊಳ್ಳಿ. ಪಂಪ್‌ಹೌಸ್ ವಿನ್ಯಾಸ ಮಾಡುವವರು ಸುಳಿಯನ್ನು ಆರು ದರ್ಜೆ ಮಾಡುತ್ತಾರೆ. ಮೇಲ್ಮೈ ಬರೀ ಸುತ್ತುವುದು ಒಂದನೆಯದು, ಗುಳಿ ಬೀಳುವುದು ಎರಡನೆಯದು, ಎಲೆ-ಕಸ ಒಳಗೆಳೆಯುವುದು ನಾಲ್ಕನೆಯದು, ಗಾಳಿಗುಳ್ಳೆ ಹೋಗುವುದು ಐದನೆಯದು, ಮೇಲಿಂದ ಬಾಯಿಯವರೆಗೆ ಗಾಳಿಯ ಕೊಳವೆಯೇ ಆಗುವುದು ಆರನೆಯದು. ನಿಮ್ಮ ಗೊರಗೊರ ಐದು-ಆರರ ಲಕ್ಷಣ. ನೂರಕ್ಕೆ ಮೂರು-ನಾಲ್ಕು ಪಾಲು ಗಾಳಿ ಸೇರಿದರೂ ಪಂಪಿನ ಒತ್ತಡ ಎದ್ದು ಕಾಣುವಷ್ಟು ಕುಸಿಯುತ್ತದೆ. ಹಾಗಿದ್ದರೂ ಒಂದು ಪರೀಕ್ಷೆ ಮಾಡಿ. ನಾಲ್ಕಡಿಗೆ ನಾಲ್ಕಡಿ ಅಡಿಕೆ ದಬ್ಬೆಗಳನ್ನು ಒತ್ತಾಗಿ ಕಟ್ಟಿದ ತೆಪ್ಪವನ್ನು ಸುಳಿಯ ಮೇಲೆ ತೇಲಿಸಿ. ಸದ್ದು ನಿಂತು ಜೆಟ್ಟು ಎದ್ದರೆ ಸುಳಿಯೇ ಕಳ್ಳ. ಸದ್ದು ಹಾಗೇ ಇದ್ದರೆ ಸಕ್ಷನ್ ಪೈಪಿನ ಜಾಯಿಂಟುಗಳ ಹತ್ತಿರ ಊದುಬತ್ತಿ ಹಿಡಿಯಿರಿ, ಹೊಗೆ ಎಲ್ಲಿ ಒಳಕ್ಕೆ ಸೆಳೆಯುತ್ತದೋ ಅಲ್ಲಿ ಗಾಳಿ ಹೋಗುತ್ತಿದೆ. ಗೊರಗೊರ ಅಲ್ಲದೆ ಜಲ್ಲಿ ಉರುಳಿದ ಹಾಗೆ ಕಟಕಟ ಸದ್ದಿದ್ದರೆ ಅದು ಇನ್ನೊಂದು ಕಾಯಿಲೆ, ನೀರನ್ನು ತೀರ ಆಳದಿಂದ ಎಳೆಯುತ್ತಿದ್ದೀರಿ ಎಂದರ್ಥ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಮ್ಮ ಕಡೆ ಗಾಳಿಯ ಒತ್ತಡ ಎತ್ತಬಲ್ಲ ನೀರಿನ ಕಂಬವೇ ಸುಮಾರು 9.6 ಮೀಟರ್. ಪೈಪಿನ ಘರ್ಷಣೆ, ಪಂಪಿನ ಅಗತ್ಯ ಎಲ್ಲ ಕಳೆದರೆ ಆರೂವರೆ ಮೀಟರಿಗಿಂತ ಹೆಚ್ಚು ಎಳೆಯುವ ಆಸೆ ಬೇಡ.

ಸುಳಿಯೇ ಎಂದಾದರೆ ಬಾಯಿಯ ಮೇಲೆ ಎಷ್ಟು ನೀರಿರಬೇಕು ಎಂಬ ಲೆಕ್ಕ ಬೇಕು. ಪಂಪ್‌ಹೌಸ್‌ಗಳಿಗೆ ಬಳಸುವ ಸೂತ್ರದಲ್ಲಿ ಬಾಯಿಯ ಅಗಲ, ಅಲ್ಲಿನ ನೀರಿನ ವೇಗ ಎರಡೂ ಬರುತ್ತವೆ. 3 ಇಂಚಿನ ಬರೀ ಬಾಯಲ್ಲಿ ಸೆಕೆಂಡಿಗೆ 10 ಲೀಟರ್ ಎಂದರೆ ಬಾಯಿಯ ಮೇಲೆ 53 ಸೆಂಟಿಮೀಟರ್ ನೀರು ಬೇಕು. ಅದೇ ಪೈಪಿನ ತುದಿಗೆ 6 ಇಂಚಿನ ಅಗಲ ಬಾಯಿ ಹಾಕಿದರೆ 31 ಸೆಂಟಿಮೀಟರ್ ಸಾಕು. ಬಾಯಿ ಹಾಗೇ ಇಟ್ಟು, ಪಂಪಿನಿಂದ ನೀರು ಹೊರಹೋಗುವ ಕಡೆಯ ಡೆಲಿವರಿ ವಾಲ್ವ್ ತಿರುಗಿಸಿ ನೀರನ್ನು 7 ಲೀಟರಿಗೆ ಇಳಿಸಿದರೆ 39 ಸೆಂಟಿಮೀಟರ್. ಜಾಲರಿ ದೊಡ್ಡದಿದ್ದರೆ ಇದಕ್ಕಿಂತ ಸ್ವಲ್ಪ ಕಡಿಮೆಯಲ್ಲೂ ನಡೆದೀತು, ಹೊಂಡ ಜೋರಾಗಿ ಸುತ್ತುತ್ತಿದ್ದರೆ ಹೆಚ್ಚೇ ಬೇಕಾದೀತು. 30 ಸೆಂಟಿಮೀಟರಿನಲ್ಲಿ ನಿಮ್ಮ ಪಂಪು ಯಾಕೆ ಅಳುತ್ತಿದೆ ಎಂದು ಇದರಿಂದ ಗೊತ್ತಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಸುಳಿಯ ಗುಳಿಯನ್ನು ಬಿಟ್ಟು ನೀರು ಬರುವ ದಾರಿಯನ್ನು ಮೊದಲು ನೋಡುತ್ತಿದ್ದೆ. ಕಾಲುವೆಯ ನೀರು ಹೊಂಡಕ್ಕೆ ಬೀಳುವಲ್ಲಿ ನಾಲ್ಕು ದೊಡ್ಡ ಕಲ್ಲಿಟ್ಟು ಅದರ ರಭಸ ಒಡೆಯಿರಿ, ಫುಟ್‌ವಾಲ್ವ್‌ಅನ್ನು ಮೂಲೆಯಿಂದ ಒಂದೂವರೆ ಎರಡು ಮೀಟರ್ ಈಚೆಗೆ ತನ್ನಿ. ಖರ್ಚು ಒಂದು ದಿನದ ಆಳಿನದು, ಕಾಯಿಲೆಯ ಬೇರು ಅಲ್ಲೇ ಇರುವುದು. ಇಷ್ಟಕ್ಕೇ ಗುಣವಾದ ಹೊಂಡಗಳನ್ನು ನೋಡಿದ್ದೇನೆ. ಆಗದಿದ್ದರೆ ಎರಡು ತಗಡನ್ನು ಅಡ್ಡಡ್ಡ ಜೋಡಿಸಿ ಫುಟ್‌ವಾಲ್ವ್ ಸುತ್ತ ನಿಲ್ಲಿಸಬಹುದು, ಸುತ್ತುವ ನೀರಿಗೆ ಅದು ತಡೆ. ಆದರೆ ಅದಕ್ಕೆ ಸೋಗೆ, ಹಾಳೆ ಸಿಕ್ಕಿಕೊಳ್ಳುತ್ತವೆ, ವಾರಕ್ಕೊಮ್ಮೆ ಬಿಡಿಸಬೇಕು. ದಬ್ಬೆಯ ತೆಪ್ಪವನ್ನೇ ಕಾಯಂ ಇಟ್ಟುಕೊಳ್ಳುವವರಿದ್ದಾರೆ, ತಪ್ಪಿಲ್ಲ. ನೆಟ್ಟ ಗೂಟಕ್ಕೆ ಬಳೆ ಹಾಕಿ ಕಟ್ಟಿದರೆ ನೀರಿನ ಜೊತೆ ಇಳಿಯುತ್ತದೆ. ದಬ್ಬೆ ಕೊಳೆತು ನಾರು ಬಿಡುವ ಮುಂಚೆ ಬದಲಿಸಬೇಕು, ಇಲ್ಲದಿದ್ದರೆ ಆ ನಾರೇ ಜಾಲರಿ ಮುಚ್ಚುತ್ತದೆ.

ಡೆಲಿವರಿ ವಾಲ್ವ್ ಅರೆ ಮುಚ್ಚುವುದು ಏಪ್ರಿಲ್‌ನಲ್ಲಿ ತಕ್ಷಣ ಮಾಡಬಹುದಾದ್ದು. ಮೋಟರಿಗೆ ಅದರಿಂದ ತೊಂದರೆಯಿಲ್ಲ, ಭಾರ ಸ್ವಲ್ಪ ಕಡಿಮೆಯೇ ಆಗುತ್ತದೆ. ಜೆಟ್ಟುಗಳನ್ನು ಎರಡು ಸರದಿಯಲ್ಲಿ ಬಿಡಬೇಕಾಗುತ್ತದೆ, ಕರೆಂಟಿರುವ ಹೊತ್ತಿನಲ್ಲಿ ಅದು ಮುಗಿಯುವುದೋ ಇಲ್ಲವೋ ನೀವೇ ನೋಡಬೇಕು. ಸಕ್ಷನ್ ಕಡೆ ವಾಲ್ವ್ ಹಾಕಿ ಬಿಗಿ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಅದರಿಂದ ಕಟಕಟ ಸದ್ದಿನ ಆ ಇನ್ನೊಂದು ಕಾಯಿಲೆ ಬರುತ್ತದೆ. ಅಗಲ ಬಾಯಿಯ ದೊಡ್ಡ ಫುಟ್‌ವಾಲ್ವ್ ಒಳ್ಳೆಯದೇ, ದುಡ್ಡು ಮತ್ತು ಭಾರ ಎರಡೂ ಹೆಚ್ಚು, ಪೈಪಿಗೆ ಆಸರೆ ಕೊಡಬೇಕು.

ಫುಟ್‌ವಾಲ್ವ್‌ಅನ್ನು ಸುಮ್ಮನೆ ಇನ್ನೊಂದಡಿ ಕೆಳಗಿಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ತಳದಲ್ಲಿ ಹೂಳಿದ್ದರೆ ಬೇಡ, ಮೊದಲು ಹೇಳಿದ ತಳದ ಸುಳಿ ಏಳುತ್ತದೆ. ಮೇ ತಿಂಗಳಲ್ಲಿ ಹೊಂಡ ಬತ್ತಿದಾಗ ಹೂಳು ತೆಗೆಸಿ, ನಡುವಿನ ಕಡೆ ಮೂರಡಿ ಆಳದ ಗುಂಡಿ ತೋಡಿಸಿ, ತಳಕ್ಕೆ ಚಪ್ಪಡಿ ಹಾಸಿ, ಅದರಿಂದ ಒಂದಡಿ ಮೇಲೆ ಫುಟ್‌ವಾಲ್ವ್ ನಿಲ್ಲುವಂತೆ ಮಾಡಿಸಿ. ಗುಂಡಿಗೆ ಇಳಿಸುವಾಗ ಪಂಪಿನವರೆಗಿನ ಎತ್ತರ ಮತ್ತೆ ಅಳೆಯಿರಿ, ಆರೂವರೆ ಮೀಟರ್ ದಾಟಿದರೆ ಪಂಪನ್ನೇ ಒಂದು ಮೆಟ್ಟಿಲು ಕೆಳಗೆ ತರಬೇಕಾಗುತ್ತದೆ. ಹೇಗೂ ಫುಟ್‌ವಾಲ್ವ್ ಮೇಲೆತ್ತಿದ ದಿನ ಅದರ ಚರ್ಮದ ವಾಷರ್ ಬದಲಿಸಿಬಿಡಿ.